ಎಡಗಿವಿಯ ಕಡೆ ಬನ್ನಿ

ಬಲಗಿವಿ ಹೋಗಿ ಮೂರು ವರ್ಷ.
ಗಿರಾಕಿಗಳಿಗೆ ಹೇಳಿಲ್ಲ.
ಸಿದ್ದಾಪುರದಲ್ಲಿ ಪೋಕರ್ ಕಾಕ ಅಂದರೆ
ಸೈಲೆನ್ಸರ್ ಕೆಮ್ಮಿದ್ದು ಕೇಳಿಯೇ ರೋಗ ಹೇಳುವವ.
ಆ ಹೆಸರಿನ ಮೇಲೆ ಮನೆಯಲ್ಲಿ ಅಕ್ಕಿ ಬೇಯುತ್ತಿದೆ.

ಇವತ್ತು ಬಂದದ್ದು ಚೋಂದಮ್ಮನವರ ಪಿಕಪ್ಪು.
ಎಪ್ಪತ್ತೆಂಟರ ಪೆಟ್ರೋಲ್ ಜೀಪು, ಹಿಂದೆ ಹಲಗೆ ಕಟ್ಟಿಸಿದ್ದು.
ತಿರುವಿನಲ್ಲೇ ಹೊಗೆ ಕಂಡಿತು, ಕಪ್ಪು.
ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ, ಖರ್ಚಿನ ಮಾತು.
ಕಪ್ಪಾದರೆ ಬರೀ ಹೊಟ್ಟೆಬಾಕತನ.

"ಲೀಟರಿಗೆ ನಾಲ್ಕೂ ಕೊಡುವುದಿಲ್ಲ ಕಾಕ.
ಸಂತೆಯಲ್ಲಿ ಕಿತ್ತಳೆ ಮೂಸಿ ವಾಪಸ್ ಇಡುತ್ತಾರೆ,
ಪೆಟ್ರೋಲ್ ವಾಸನೆಯಂತೆ."
ಬಲಕ್ಕೆ ನಿಂತು ಹೇಳಿದರು. ಅರ್ಧ ತುಟಿ ನೋಡಿ ತಿಳಿದೆ.
"ರಿಚ್ ಆಗಿದೆ," ಅಂದೆ.
"ಗಾಡಿಯಾದರೂ ಆಗಲಿ," ಅಂದರು, ನಗದೆ.

ಪ್ಲಗ್ಗು ನಾಲ್ಕೂ ಬಿಚ್ಚಿದೆ.
ಕೂಸಿನ ಕೆನ್ನೆಗಿಡುವ ಕಾಡಿಗೆಯಷ್ಟು ಕಪ್ಪು, ಆದರೆ ಒಣ ಮಸಿ.
ಚೋಕಿನ ತಂತಿ ಎಳೆದು ಬಿಟ್ಟೆ, ಬಾಗಿಲು ಪೂರಾ ತೆರೆಯಿತು.
ಅದಲ್ಲ.
ಏರ್ ಫಿಲ್ಟರಿನ ಬಟ್ಟಲಲ್ಲಿ ಎಣ್ಣೆ ಗಂಜಿಯಾಗಿತ್ತು,
ತೋಟದ ಧೂಳು, ಒಂದು ಸತ್ತ ಜೇನುನೊಣ.
ತೊಳೆದು ಹಾಕಿದೆ. ಹೊಗೆ ಸ್ವಲ್ಪ ತೆಳುವಾಯಿತು, ಅಷ್ಟೆ.
ಸೆಲ್ವ ಕಾರ್ಬರೇಟರ್ ಇಳಿಸಿಕೊಟ್ಟ.
ಸೂಜಿವಾಲ್ವು ಬಾಯಿಗಿಟ್ಟು ಊದಿದೆ, ಗಾಳಿ ದಾಟಲಿಲ್ಲ.
ಪೆಟ್ರೋಲಿನ ರುಚಿ.
ನಾಲಿಗೆ ಇನ್ನೂ ನನ್ನದೇ.

ಉಳಿದದ್ದು ಫ್ಲೋಟು.
ನಿಂಬೆ ಗಾತ್ರದ ಹಿತ್ತಾಳೆ ಬುರುಡೆ, ಒಳಗೆ ಬರೀ ಗಾಳಿ ಇರಬೇಕು.
ಅದಕ್ಕಿರುವುದು ಒಂದೇ ಕೆಲಸ, ತೇಲುವುದು,
ತೇಲಿ ಮೇಲೆ ಬಂದು
ಸಾಕು ಅನ್ನುವುದು.
ಕಿವಿಯ ಹತ್ತಿರ ಅಲ್ಲಾಡಿಸಿದೆ.
ಹಳೇ ಅಭ್ಯಾಸ, ಕೈ ಬಲಗಿವಿಗೇ ಹೋಯಿತು.
ಎಡಕ್ಕೆ ತಂದೆ: ಕುಶಾಲನಗರ ಬಸ್ಸಿನ ಹಾರನ್ನು,
ಅದರಡಿ ಏನಿತ್ತೋ.
"ಇದರೊಳಗೆ ಏನಿದೆ ಹೇಳು ನೋಡೋಣ,"
ಪರೀಕ್ಷೆ ಮಾಡುವ ಮೇಷ್ಟ್ರ ಹಾಗೆ ಹುಡುಗನ ಕೈಗೆ ಕೊಟ್ಟೆ.
ಅಲ್ಲಾಡಿಸಿದ. ನನ್ನ ಮುಖ ನೋಡಿದ. ಮತ್ತೆ ಅಲ್ಲಾಡಿಸಿದ.
ಆಮೇಲೆ ಗಾಡಿಯ ಮೂತಿ ಸುತ್ತಿ
ನನ್ನ ಎಡಕ್ಕೆ ಬಂದು ನಿಂತು,
"ಎಳನೀರಿನ ಹಾಗೆ ಕುಲುಕುತ್ತಿದೆ ಕಾಕ," ಅಂದ, ಜೋರಾಗಿ.

ಗೊತ್ತಿತ್ತು ಅವನಿಗೆ. ಎಂದಿನಿಂದಲೋ.

ಹೋಟೆಲಿನಿಂದ ಬಿಸಿನೀರು ತಂದು ಮುಳುಗಿಸಿದೆವು.
ಬೆಸುಗೆಯ ಅಂಚಿನಿಂದ ಗುಳ್ಳೆ ಎದ್ದವು,
ಒಂದರ ಹಿಂದೆ ಒಂದು, ಗಸಗಸೆಯಷ್ಟು.
ಇದಕ್ಕೆ ಕಿವಿ ಬೇಕಿಲ್ಲ.
ಗುಳ್ಳೆ ನಿಲ್ಲುವ ತನಕ ಅಲ್ಲಿ ಯಾರೂ ಬೀಡಿ ಹಚ್ಚಲಿಲ್ಲ.

ತೂತು ಮುಚ್ಚುವುದು ಸುಲಭ,
ಭಾರ ಹೆಚ್ಚದಂತೆ ಮುಚ್ಚುವುದೇ ಕಷ್ಟ.
ಒಂದು ಸಾಸಿವೆ ಸೀಸ ಜಾಸ್ತಿಯಾದರೂ
ಮತ್ತೆ ತಗ್ಗುತ್ತದೆ, ಇಂಜಿನ್ ಮತ್ತೆ ಕುಡಿಯುತ್ತದೆ.
ಮೇಲಿನ ಬೀದಿಯ ವಾಸು ಆಚಾರಿಯ ಹತ್ತಿರ ಹೋದೆ.
ನನ್ನ ಡಬ್ಬಿಯ ಕೊಂಡಿ ಬಾಗಿದ ಹಳೇ ಫ್ಲೋಟು ಒಂದು ತಟ್ಟೆಗೆ,
ಇದು ಇನ್ನೊಂದಕ್ಕೆ.
ಚಿನ್ನದ ತಕ್ಕಡಿಯಲ್ಲಿ ಹಿತ್ತಾಳೆ.
ಅರದಿಂದ ಕೆರೆದ, ಇಟ್ಟ, ಕೆರೆದ,
"ಮದುವೆ ಬಳೆಗೂ ಇಷ್ಟು ಕೆರೆದಿಲ್ಲ ಮಾರಾಯ,"
ಮುಳ್ಳು ನೆಟ್ಟಗಾದ ಮೇಲೂ ಕೂಲಿ ಕೇಳಲಿಲ್ಲ.

ಸಂಜೆ ಸ್ಟಾರ್ಟ್ ಮಾಡಿದೆವು.
ಬಾನೆಟ್ಟಿನ ಮೇಲೆ ತುಂಬಿದ ಚಾ ಗ್ಲಾಸಿಟ್ಟೆ,
ಇದೂ ಮೂರು ವರ್ಷದ ವಿದ್ಯೆ.
ಉಂಗುರಗಳು ಮುಗ್ಗರಿಸುತ್ತಿದ್ದವು.
ಸ್ಕ್ರೂ ಕಾಲು ಸುತ್ತು ತಿರುಗಿಸಿದೆ, ಇನ್ನೊಂದು ಕೂದಲೆಳೆ,
ಚಾ ಕೆನೆ ಕಟ್ಟುವಷ್ಟು ಶಾಂತವಾಯಿತು.
"ಈಗ ಸದ್ದು ಹೇಗಿದೆ ಕಾಕ?"
ಈ ಸಲ ಎಡಕ್ಕೇ ನಿಂತು ಕೇಳಿದ್ದರು ಚೋಂದಮ್ಮ.
ನಾನು ಸೆಲ್ವನ ಕಡೆ ನೋಡಿದೆ.
"ಅವನನ್ನು ಕೇಳಿ," ಅಂದೆ.

ದುಡ್ಡಿನ ಜೊತೆ ಆರು ಕಿತ್ತಳೆ ಇಟ್ಟು ಹೋದರು.
ಒಂದನ್ನು ಮೂಸಿದೆ. ಪೆಟ್ರೋಲು.
ಹಣ್ಣಿನದೋ, ನನ್ನ ಕೈಯದೋ ಗೊತ್ತಾಗಲಿಲ್ಲ.
ಸುಲಿದು ಅರ್ಧ ಹುಡುಗನಿಗೆ ಕೊಟ್ಟೆ.